ಎರಡು ಸಲ ಇಳಿದ ಅಂತರಪಟ

ಕಳೆದ ವಾರ ಕೆಟಲ್ಲಿನ ತಳಕ್ಕೆ ಕಟ್ಟಿದ್ದ ಸುಣ್ಣದ ಪೊರೆ ಬಿಡಿಸಲೆಂದು ವಿನೆಗರ್ ಸುರಿದು ಕುದಿಯಲು ಇಟ್ಟೆ. ಆವಿ ಮೂಗಿಗೆ ಹೊಡೆದದ್ದೇ ತಡ, ನಾನು ಓಕ್ಲ್ಯಾಂಡಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ, ಬಾಗಿಲು ತೆರೆದ ಒಂದು ಕಪಾಟಿನ ಮುಂದೆ ನಿಂತಿದ್ದೆ… ಇಲ್ಲ. ಹೀಗೆ ಬರೆದರೆ ತೀರ ಸಲೀಸಾಗುತ್ತದೆ. ಆಗ ನಾನು ಮಾಡಿದ್ದು ಇಷ್ಟೇ: ಕೆಮ್ಮಿದೆ, ಕಿಟಕಿ ತೆರೆದೆ, ಕೆಟಲ್ ತೊಳೆದು ಬೋರಲು ಹಾಕಿದೆ. ಮಧ್ಯಾಹ್ನ ಬಟ್ಟೆ ಮಡಿಸುವಾಗ, ಬೆಳಗಿನಿಂದ ಆ ಕೆಳಮನೆಯ ಮುದುಕರ ಬಗ್ಗೆಯೇ ಯೋಚಿಸುತ್ತಿದ್ದೇನೆಂದು ತಿಳಿಯಿತು. ವಾಸನೆಗೂ ನೆನಪಿಗೂ ನಡುವೆ ಏನು ನಡೆಯಿತೋ ನನಗೆ ಗೊತ್ತಿಲ್ಲ.

ಹಳೆಯ ಫಿಲ್ಮು ಕೆಡತೊಡಗಿದರೆ ವಿನೆಗರಿನ ಹಾಗೆ ನಾರುತ್ತದೆ. ಇದನ್ನು ನನಗೆ ಹೇಳಿದವರು ಅವರೇ. ಅವರ ಮಲಗುವ ಕೋಣೆಯ ಕಪಾಟಿನಲ್ಲಿ ಅಂಗಿಗಳಿಗಿಂತ ತಗಡಿನ ಡಬ್ಬಿಗಳೇ ಹೆಚ್ಚು. ಒಂದೊಂದರ ಮುಚ್ಚಳ ತೆಗೆದು ಮೂಸಿ, ‘ಇದು ಇನ್ನೂ ಇದೆ, ಇದು ಹೋಯಿತು’ ಎಂದು ಬೇರೆ ಮಾಡುತ್ತಿದ್ದರು, ನಮ್ಮ ಕಡೆ ಉಪ್ಪಿನಕಾಯಿ ಜಾಡಿ ಮೂಸಿ ನೋಡುವ ಹಾಗೆ.

ಅವರು ಜರ್ಮನಿಯವರು, ಕ್ಯಾಮೆರಾಮನ್. ಎಂಬತ್ತರ ದಶಕದಲ್ಲಿ ನಾನೂ ನನ್ನ ಗಂಡನೂ ಆ ಕಟ್ಟಡದ ಮೇಲಿನ ಮನೆಗೆ ಬಾಡಿಗೆಗೆ ಬಂದಾಗ, ಅವರು ಕೆಲಸ ಬಿಟ್ಟು, ಅಥವಾ ಕೆಲಸವೇ ಅವರನ್ನು ಬಿಟ್ಟು, ಕೆಳಗೆ ಒಬ್ಬರೇ ಇದ್ದರು. ನಾವು ಅವರನ್ನು ‘ಕೆಳಮನೆಯವರು’ ಎನ್ನುತ್ತಿದ್ದೆವು. ಅವರ ಬಗ್ಗೆ ಬರೆಯಲು ನನಗಿರುವ ಕಾರಣ ಒಂದೇ. ಒಂದು ವರ್ಷ, ನನ್ನ ತಂಗಿ ಗಂಡನ ಮನೆಗೆ ವಾಪಸು ಹೋಗಬೇಕೋ ಬೇಡವೋ ಎನ್ನುವ ಪ್ರಶ್ನೆ ಅವರು ತೆಗೆದ ಒಂದು ತುಂಡು ಫಿಲ್ಮಿನ ಮೇಲೆ ಬಂದು ನಿಂತಿತು. ಹಾಗೆಂದು ಆಗ ನಾವೆಲ್ಲ ನಂಬಿದ್ದೆವು.

ಅವರ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಹೇಳಲು ನನಗಾಗದು. ಅವರೂ ಎಂದೂ ಹಾಗೆ ಹೇಳಿದವರಲ್ಲ. ಲಾಂಡ್ರಿ ಕೋಣೆಯಲ್ಲಿ ಬಟ್ಟೆ ತಿರುಗುವಾಗ ಒಂದು ತುಂಡು, ಹಿತ್ತಿಲ ಬೆಂಚಿನ ಮೇಲೆ ಇನ್ನೊಂದು. ಹುಡುಗನಾಗಿದ್ದಾಗಲೇ ಬರ್ಲಿನ್ನಿನ ಒಂದು ಸ್ಟುಡಿಯೋ ಸೇರಿದರಂತೆ. ಮೊದಲು ಪೆಟ್ಟಿಗೆ ಹೊರುವ ಕೆಲಸ. ಆಮೇಲೆ ಟೇಪು ಹಿಡಿದು ಲೆನ್ಸಿನಿಂದ ನಟಿಯ ಮೂಗಿನ ತನಕ ಎಷ್ಟು ದೂರವೆಂದು ಅಳೆಯುವ ಕೆಲಸ. ಒಮ್ಮೆ ಹೇಳುವಾಗ ಆ ನಟಿ ಕೆಂಪು ಕೂದಲಿನವಳು, ಮತ್ತೊಮ್ಮೆ ಹೇಳುವಾಗ ಕೂದಲು ಕಪ್ಪು. ನಾನು ಎತ್ತಿ ಕೇಳಿದರೆ, ‘ಚಿತ್ರ ಕಪ್ಪುಬಿಳುಪಿನದು, ನನಗೇನು ಗೊತ್ತು’ ಎಂದು ನಕ್ಕರು. ನಡುವೆ ಯುದ್ಧ ಬಂತು; ನ್ಯೂಸ್‌ರೀಲ್ ತೆಗೆಯಲು ಕಳಿಸಿದರು. ಆ ವರ್ಷಗಳನ್ನು ಅವರು ದಾಟಿಕೊಂಡು ಹೋಗುತ್ತಿದ್ದರು, ಮೆಟ್ಟಿಲಲ್ಲಿ ಒಂದು ಮುರಿದಿದೆ ಎಂದು ಗೊತ್ತಿದ್ದವರು ಕಾಲು ಎತ್ತಿ ಹಾಕುವಂತೆ. ಯುದ್ಧ ಮುಗಿದ ಮೇಲೆ ಕುಸಿದ ಊರುಗಳು, ಉಕ್ಕಿನ ಕಾರ್ಖಾನೆಗಳು, ಸೇತುವೆಗಳು. ಅಮೆರಿಕದ ಒಬ್ಬ ನರ್ಸನ್ನು ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದರು. ಹಾಲಿವುಡ್ಡಿನಲ್ಲಿ ಒಳಗೆ ಬಿಡಲಿಲ್ಲ ಎಂದು ಒಂದು ಸಲ, ತಾನೇ ಬಾಗಿಲು ತಟ್ಟಲಿಲ್ಲ ಎಂದು ಇನ್ನೊಂದು ಸಲ…

ಅಂತೂ ಬಂದು ನಿಂತದ್ದು ಬೇ ಏರಿಯಾದಲ್ಲಿ. ಓಕ್ಲ್ಯಾಂಡಿನ ಬಂದರಿನಲ್ಲಿ ಕ್ರೇನುಗಳು ಕಂಟೇನರ್ ಎತ್ತುವುದನ್ನು ತೆಗೆದರು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯುವುದನ್ನು ತೆಗೆದರು. ಶಾಲೆಗಳಿಗೆಂದು ಹಲ್ಲುಜ್ಜುವ ಚಿತ್ರ ತೆಗೆದರು. ‘ಇಲ್ಲಿಯ ಒಂದು ತಲೆಮಾರು ಹಲ್ಲುಜ್ಜಲು ಕಲಿತದ್ದು ನನ್ನ ಬೆಳಕಿನಲ್ಲಿ’ ಎನ್ನುತ್ತಿದ್ದರು. ಆಮೇಲೆ ವಿಡಿಯೋ ಬಂತು. ಎಮರಿವಿಲ್ಲಿನಲ್ಲಿ ಅವರು ಫಿಲ್ಮು ತೊಳೆಸುತ್ತಿದ್ದ ಚಿಕ್ಕ ಲ್ಯಾಬು ಮುಚ್ಚುವ ಮಾತು ನಡೆದಿತ್ತು. ಹೆಂಡತಿ ಆಗಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ.

ಅವರ ಇಂಗ್ಲಿಷನ್ನು ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಂದರೆ ಅಷ್ಟರ ಮಟ್ಟಿಗೆ ಇದು ಆಗಲೇ ಸುಳ್ಳು.

ಅವರ ಒಂದು ಅಭ್ಯಾಸ ಮಾತ್ರ ನನಗೆ ಸರಿಯಾಗಿ ನೆನಪಿದೆ. ಯಾರನ್ನಾದರೂ ಭೇಟಿಯಾದರೆ ಮೊದಲು ಎಡಗಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ, ಬೆಳಕು ಅವರ ಮುಖದ ಮೇಲೆ ಎಲ್ಲಿಂದ ಬೀಳುತ್ತಿದೆ ಎಂದು ನೋಡುತ್ತಿದ್ದರು. ಹಲೋ ಹೇಳುವುದು ಆಮೇಲೆ. ಮೈಸೂರಿನಿಂದ ಬಂದ ನನ್ನ ಅಪ್ಪನಿಗೆ ಇದು ಕಣ್ಣು ಹೊಡೆದಂತೆ ಕಂಡು ಮೊದಲ ದಿನ ಗಾಬರಿಯಾಗಿತ್ತು.

ಅಪ್ಪ ಬಂದದ್ದು ತಂಗಿಯ ಮದುವೆಗೆ. ಅಮ್ಮ ಹೋಗಿ ಕೆಲವು ವರ್ಷವಾಗಿತ್ತು. ತಂಗಿ ಓದಲೆಂದು ನಮ್ಮ ಮನೆಯಲ್ಲಿದ್ದಳು. ಹುಡುಗ ಹಾಸನದ ಕಡೆಯವನು, ಸ್ಯಾನ್ ಹೋಸೆಯಲ್ಲಿ ಎಂಜಿನಿಯರ್. ಎರಡೂ ಕಡೆಯವರಿಗೆ ಒಪ್ಪಿಗೆಯಾಗಿ, ಮದುವೆ ಇಲ್ಲೇ ಎಂದಾಯಿತು. ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಅಪ್ಪನಿಗೆ ಜರ್ಮನ್ನರೆಂದರೆ ಭಕ್ತಿ.

“ಜರ್ಮನ್ ಎಂಜಿನ್ನು ನೋಡಿದೀನಮ್ಮಾ ನಾನು. ಒಂದ್ಸಲ ತಿರುಪು ಬಿಗಿದ್ರೆ ಮುಗೀತು. ಮದುವೆ ಫಿಲ್ಮು ಸಾಹೇಬ್ರೇ ತೆಗೀಲಿ,” ಎಂದ.

ನನ್ನ ಗಂಡ ರೇಗಿಸಿದರು. “ಅವ್ರು ಆಪರೇಷನ್ ತೆಗೆದೋರು ಮಾವ. ಮದುವೇನೂ ಹಂಗೇ ತೆಗೆದ್ರೆ?”

ಕೆಳಮನೆಯವರು ಒಪ್ಪಿಕೊಂಡರು. ಒಪ್ಪಿಕೊಂಡದ್ದಷ್ಟೇ ಅಲ್ಲ, ಅವರ ಮುಖಕ್ಕೆ ಕಳೆ ಬಂತು. ಕಪಾಟಿನ ಮೇಲಿನಿಂದ ಹದಿನಾರು ಎಂಎಂ ಕ್ಯಾಮೆರಾ ಇಳಿಯಿತು. ಅಪ್ಪ ಅವರನ್ನು ಮೇಲಕ್ಕೆ ಕರೆದು ಮದುವೆಯ ಶಾಸ್ತ್ರಗಳನ್ನು ಒಂದೊಂದಾಗಿ ವಿವರಿಸಿದ. ಅವರು ಸಾರನ್ನು ಕಾಫಿಯ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತ ಕೇಳಿದರು. ಗಂಡುಹೆಣ್ಣಿನ ನಡುವೆ ಬಟ್ಟೆ ಹಿಡಿದಿರುತ್ತಾರೆ, ಮುಹೂರ್ತಕ್ಕೆ ಅದು ಇಳಿಯುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ತಲೆಯ ಮೇಲೆ ಜೀರಿಗೆ-ಬೆಲ್ಲ ಹಾಕುತ್ತಾರೆ ಎಂದಾಗ ಲೋಟ ಕೆಳಗಿಟ್ಟರು. ‘ಇದನ್ನು ಮಾಡಿದವನು ಕ್ಯಾಮೆರಾಮನ್ನೇ ಇರಬೇಕು’ ಎಂದರು.

ಮದುವೆ ನಡೆದದ್ದು ಬಾಡಿಗೆಗೆ ಹಿಡಿದ ಒಂದು ಚರ್ಚಿನ ಹಾಲಿನಲ್ಲಿ. ಪುರೋಹಿತರು ವಾರದ ದಿನ ಕಂಪ್ಯೂಟರ್ ಎಂಜಿನಿಯರ್, ಶನಿವಾರ ಭಾನುವಾರ ಪಂಚೆ. ಹೊಗೆಯ ಅಲಾರಂ ಹೊಡೆದುಕೊಂಡೀತೆಂದು ಹೋಮ ಒಂದು ಬಾಣಲೆಯಷ್ಟೇ. ಸೋದರಮಾವಂದಿರು ಯಾರೂ ಬಂದಿರಲಿಲ್ಲವಾದ್ದರಿಂದ ಅಂತರಪಟದ ಒಂದು ತುದಿಯನ್ನು ನಾನೇ ಹಿಡಿದೆ. ಬಿಳಿ ಬಟ್ಟೆ, ನಡುವೆ ನಾನೇ ಕುಂಕುಮದಲ್ಲಿ ಬರೆದ ಸ್ವಸ್ತಿಕ. ಮಂಗಳಾಷ್ಟಕ ಮುಗಿಯಿತು. ಬಟ್ಟೆ ಇಳಿಯಿತು. ಜೀರಿಗೆ-ಬೆಲ್ಲ ಬಿತ್ತು, ಅಕ್ಷತೆ ಬಿತ್ತು. ಆಗ ದೀಪಗಳ ಹಿಂದಿನಿಂದ ಕೆಳಮನೆಯವರ ದನಿ: ‘ಮತ್ತೊಮ್ಮೆ, ದಯವಿಟ್ಟು. ಫಿಲ್ಮು ಮುಗಿದುಹೋಗಿತ್ತು.’

ಹುಡುಗನ ತಾಯಿ ಮೊದಲು ಮುಂದೆ ಬಂದರು.

“ಮತ್ತೊಮ್ಮೆ ಅಂದ್ರೆ? ಮುಹೂರ್ತ ಅಂದ್ರೆ ಏನು ಸಿನಿಮಾ ಅಂದ್ಕೊಂಡವ್ರಾ ಆವಯ್ಯ? ಎರಡ್ ಸಲ ಮುಹೂರ್ತ ಆದ್ರೆ ಎರಡ್ ಮದ್ವೆ ಆದಂಗಲ್ವಾ?”

ಅಪ್ಪ ಪುರೋಹಿತರ ಕಡೆ ತಿರುಗಿದ. ಪುರೋಹಿತರು ಪಂಚಾಂಗ ಮಡಿಸಿ ಎದ್ದು ನಿಂತು, ಆಫೀಸಿನ ದನಿಯಲ್ಲಿ ತೀರ್ಪು ಕೊಟ್ಟರು. “ತಪ್ಪೇನಿಲ್ಲಮ್ಮ. ಮಂತ್ರ ಹೇಳಲ್ಲ, ಬರೀ ಬಟ್ಟೆ ಎತ್ತಿ ಇಳಿಸೋದು. ಇದು ಟೆಸ್ಟಿಂಗು ಅಂದ್ಕೊಳ್ಳಿ.”

“ಟೆಸ್ಟಿಂಗು ಮೊದ್ಲು ಮಾಡ್ಬೇಕಲ್ವಾ ಸ್ವಾಮಿ?” ಯಾರೋ ಹಿಂದಿನಿಂದ ಕೂಗಿದರು. ಜನ ನಕ್ಕರು. ಜೀರಿಗೆ-ಬೆಲ್ಲ ಅಷ್ಟೂ ಚೆಲ್ಲಿಹೋಗಿತ್ತು. ಅಡುಗೆಯ ಕಡೆಯಿಂದ ಒಂದು ಬಟ್ಟಲು ಸಕ್ಕರೆ ಬಂತು. ಬಟ್ಟೆ ಎತ್ತಿದೆವು, ಕೆಳಮನೆಯವರು ಕೈ ಬೀಸಿದರು, ಇಳಿಸಿದೆವು. ತಂಗಿ ನಗುತ್ತ ಗಂಡನ ತಲೆಯ ಮೇಲೆ ಸಕ್ಕರೆ ಸುರಿದಳು.

ಮೊದಲ ಸಲ ಅವಳ ಮುಖ ಹೇಗಿತ್ತು? ಬಹಳ ವರ್ಷ ನಾನು ‘ನೋಡಿದ್ದೆ’ ಎಂದೇ ಹೇಳಿಕೊಂಡು ಬಂದಿದ್ದೇನೆ. ಆದರೆ ನಾನು ಬಟ್ಟೆಯ ತುದಿ ಹಿಡಿದು ಪಕ್ಕದಲ್ಲಿದ್ದವಳು. ಬಟ್ಟೆ ನೆಲಕ್ಕೆ ತಾಗದಂತೆ ಸುತ್ತಿಕೊಳ್ಳುವುದೇ ನನ್ನ ಕೆಲಸ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ನೆನಪಿರುವುದು ಆ ಬಟ್ಟೆ ಮಾತ್ರ.

ಫಿಲ್ಮು ವಿಡಿಯೋ ಕ್ಯಾಸೆಟ್ಟಾಗಿ ಎರಡೂ ಮನೆಗೆ ಬಂತು. ತುಂಬ ಚೆನ್ನಾಗಿತ್ತು. ನೋಡಿದವರೆಲ್ಲ, ಚರ್ಚಿನ ಹಾಲು ಹೀಗಿತ್ತೇ ಎಂದು ಕೇಳುತ್ತಿದ್ದರು. ಇರಲಿಲ್ಲ. ಅವರು ಹಾಗೆ ಮಾಡಿದ್ದರು. ಎರಡನೆಯ ಸಲದ ನಗುವೇ ಕ್ಯಾಸೆಟ್ಟಿನಲ್ಲಿತ್ತು. ಸ್ವಲ್ಪ ದಿನದಲ್ಲಿ ಅದೇ ಎಲ್ಲರ ನೆನಪಾಯಿತು.

ಅಪ್ಪ ಇನ್ನೂ ಇಲ್ಲೇ ಇದ್ದಾಗ, ಒಂದು ಮಧ್ಯಾಹ್ನ ತಂಗಿ ಬಸ್ಸಿನಲ್ಲಿ ಬಂದಿಳಿದಳು. ಕೈಯಲ್ಲಿ ಒಂದು ಪರ್ಸು, ಬೇರೇನೂ ಇಲ್ಲ. ಇನ್ನು ಆ ಮನೆಗೆ ಹೋಗುವುದಿಲ್ಲ ಎಂದಳು.

“ಹೊಡೆದ್ನಾ?” ಎಂದ ಅಪ್ಪ.

“ಇಲ್ಲ.”

“ಕುಡೀತಾನಾ?”

“ಇಲ್ಲಪ್ಪ.”

“ಮತ್ತೇನು? ಊಟಕ್ಕಿಲ್ವಾ, ಬಟ್ಟೆಗಿಲ್ವಾ?”

ಅವಳು ಅಪ್ಪನಿಗೆ ಹೇಳಲಿಲ್ಲ. ಪಾತ್ರೆ ತೊಳೆಯುವಾಗ ನನಗೆ ಹೇಳಿದಳು. ಗಂಡ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಫೋನಿನ ವೈರು ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಸಂಜೆ ತಂದು ಮತ್ತೆ ಸಿಕ್ಕಿಸುತ್ತಿದ್ದ. ಜಗಳವಿಲ್ಲ, ಗದರಿಕೆ ಇಲ್ಲ. ಟಿಫಿನ್ ಡಬ್ಬಿ ತೆಗೆದುಕೊಂಡು ಹೋಗುವ ಹಾಗೆ. “ಮೊದಲ್ನೇ ದಿನ ನಾನು ತಮಾಷೆ ಅಂದ್ಕೊಂಡಿದ್ದೆ ಅಕ್ಕ,” ಎಂದಳು.

ನಾನು ಅಪ್ಪನಿಗೆ ಹೇಳಿದೆ. “ಫೋನ್ ಬಿಲ್ಲು ಜಾಸ್ತಿ ಬರುತ್ತೆ ಅಂತಿರ್ಬೇಕು,” ಎಂದ. ಅಪ್ಪ ಕೆಟ್ಟವನಲ್ಲ. ಅವನಿಗೆ ಹೆದರಿಕೆಯಾಗಿತ್ತು. ಮಗಳು ಗಂಡನನ್ನು ಬಿಟ್ಟುಬಂದಳು ಎನ್ನಿಸಿಕೊಂಡು ಮೈಸೂರಿಗೆ ಹೇಗೆ ಹೋಗುವುದು ಎಂಬ ಹೆದರಿಕೆ. ಅದಕ್ಕೇ ಅವನು ಕ್ಯಾಸೆಟ್ಟಿನ ಮೊರೆಹೋದ. ದಿನವೂ ಸಂಜೆ ಕಾಫಿ ಆದ ಮೇಲೆ ಅದನ್ನು ಹಾಕಿ, ಅಂತರಪಟ ಇಳಿಯುವಲ್ಲಿ ತಡೆದು ನಿಲ್ಲಿಸುತ್ತಿದ್ದ. ಪರದೆಯ ತುಂಬ ನಡುಗುವ ಗೆರೆಗಳು. ಗೆರೆಗಳ ಹಿಂದೆ ತಂಗಿಯ ನಗು.

“ನೋಡ್ಕೊಳ್ಳೇ. ಇದು ಯಾರೋ ಬಲವಂತವಾಗಿ ಕಟ್ಟಿದ ಮದುವೆ ಥರ ಇದೆಯಾ? ನಿನ್ನ ಮುಖ ನೀನೇ ನೋಡ್ಕೋ. ಇಷ್ಟ ಪಟ್ಟೇ ಆಗಿದೀಯ. ಸಣ್ಣಪುಟ್ಟದ್ದು ಬರುತ್ತೆ, ಹೋಗುತ್ತೆ. ಶನಿವಾರ ನಾನೇ ಬಿಟ್ಟು ಬರ್ತೀನಿ.”

ಶನಿವಾರ ಎಂದು ಗೊತ್ತಾಗಿತ್ತು. ಗಂಡನ ಮನೆಗೆ ಫೋನೂ ಹೋಗಿತ್ತು. ತಂಗಿ ಊಟ ಬಿಟ್ಟಳು. ನನ್ನ ಗಂಡ ಬಾಯಿ ಬಿಡಲಿಲ್ಲ. ಮಾವನ ಮಾತಿಗೆ ಎದುರಾಡುವ ಅಭ್ಯಾಸ ಅವರಿಗಿರಲಿಲ್ಲ. ನಾನು ಮಾತಾಡಿದೆ, ನಿಜ, ಆದರೆ ಆ ನಗುವಿನ ಮುಂದೆ ನನ್ನ ಮಾತೂ ತೊದಲುತ್ತಿತ್ತು. ಅಷ್ಟು ಒಳ್ಳೆಯ ಬೆಳಕಿನಲ್ಲಿ ತೆಗೆದ ನಗು.

ಒಂದು ಸಂಜೆ ತಂಗಿ ಟೀವಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಬೆರಳಿಟ್ಟು ತೋರಿಸಿದಳು.

“ಅಪ್ಪ, ಇಲ್ಲಿ ಬೀಳ್ತಿರೋದು ಏನು?”

“ಜೀರಿಗೆ-ಬೆಲ್ಲ.”

“ಸಕ್ಕರೆ. ಬೆಳ್ಳಗಿದೆ ನೋಡಿ. ಇದು ಮದುವೆ ಅಲ್ಲ ಅಪ್ಪ, ಇದು ಟೆಸ್ಟಿಂಗು. ನಾನು ನಗ್ತಿರೋದು ಆ ಜೋಕಿಗೆ. ಮದುವೇಲಿ ನನ್ನ ಮುಖ ಹೇಗಿತ್ತು ಅಂತ ನಿಮ್ಹತ್ರ ಎಲ್ಲಿದೆ?”

ಅಪ್ಪ ನ್ಯಾಯದ ಮನುಷ್ಯ. ಚಪ್ಪಲಿ ಮೆಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಕೆಳಗಿಳಿದ. ಮೊದಲ ಸಲದ್ದು ಏನಾದರೂ ಉಳಿದಿದೆಯೇ ಎಂದು ನನ್ನಿಂದ ಕೇಳಿಸಿದ. ಏಕೆ ಬೇಕೆಂದು ಕೆಳಮನೆಯವರು ವಿಚಾರಿಸಿದರು. ನಾನು ಎಲ್ಲ ಹೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ಕೇಳಿಸಿಕೊಂಡು, ‘ಇಲ್ಲ. ಫಿಲ್ಮು ಮುಗಿದಿತ್ತು ಎಂದು ಅವತ್ತೇ ಹೇಳಿದೆನಲ್ಲ’ ಎಂದರು. ಎಡಗಣ್ಣು ಮುಚ್ಚಲಿಲ್ಲ, ನನ್ನ ಮುಖದ ಕಡೆ ನೋಡಲೇ ಇಲ್ಲ.

ಮೇಲೆ ಬಂದ ಮೇಲೆ ನನ್ನ ಗಂಡನಿಗೆ ಏನೋ ಹೊಳೆದು ಹಣೆ ಚಚ್ಚಿಕೊಂಡರು. “ಅಯ್ಯೋ, ಸ್ವಸ್ತಿಕ! ಬಿಳಿ ಬಟ್ಟೆ ಮೇಲೆ ಕೆಂಪು ಸ್ವಸ್ತಿಕ, ಹಿಂದೆ ನಿಂತಿರೋದು ಜರ್ಮನ್. ಕ್ಯಾಮೆರಾದಲ್ಲಿ ಅದನ್ನ ನೋಡಿ ಕೈ ನಡುಗಿರ್ಬೇಕು ಪಾಪ. ಫಿಲ್ಮು ಮುಗೀತು ಅಂತ ಸುಮ್ನೆ ಹೇಳಿದಾರೆ.” ಎಲ್ಲರಿಗೂ ಅದು ಸರಿಯೆನಿಸಿತು. ಎಷ್ಟು ಸರಿಯೆನಿಸಿತೆಂದರೆ, ಅವರ ಕೈ ನಡುಗಿದ್ದು ನಾನೂ ನೋಡಿದ್ದೆ ಎನಿಸತೊಡಗಿತು. ಅಚ್ಚುಕಟ್ಟಾದ ಕಾರಣ ಸಿಕ್ಕರೆ ಕಣ್ಣು ಕೂಡ ಅದರ ಕಡೆ ಸಾಕ್ಷಿ ಹೇಳುತ್ತದೆ.

ಶುಕ್ರವಾರ ಬೆಳಿಗ್ಗೆ ಅವರೇ ಮೇಲಕ್ಕೆ ಬಂದರು. ಹೊಸ್ತಿಲ ಆಚೆಯೇ ನಿಂತರು. ತಂಗಿ ಸೋಫಾದ ಮೇಲಿದ್ದಳು. ಅವಳ ಕಡೆ ತಿರುಗದೆ ನನಗೆ ಹೇಳಿದರು: ‘ಫಿಲ್ಮು ಮುಗಿದಿರಲಿಲ್ಲ. ನನ್ನ ಹತ್ತಿರ ಇದೆ.’

ಸ್ವಸ್ತಿಕದ ಕಾರಣವೇ ಎಂದು ನಾನು ಕೇಳಿದೆ. ಅವರಿಗೆ ಬೇಸರವಾಯಿತು. ‘ಅದು ನಿಮ್ಮದು. ನಿಮ್ಮ ಹೊಸ್ತಿಲ ಮೇಲೆ ದಿನಾ ನೋಡುತ್ತೇನೆ. ನಾನು ಅಷ್ಟು ಮೂರ್ಖನಲ್ಲ.’ ಆಮೇಲೆ ತಡೆದು ತಡೆದು ಹೇಳಿದರು. ಬಟ್ಟೆ ಇಳಿದಾಗ ತಂಗಿ ಗಂಡನ ಕಡೆ ನೋಡಲಿಲ್ಲ. ನೇರ ಲೆನ್ಸಿನೊಳಕ್ಕೆ ನೋಡಿದಳು. ಕ್ಯಾಮೆರಾ ನೋಡಿದರೆ ಶಾಟು ಹಾಳು. ಹುಡುಗನಾಗಿದ್ದಾಗಿನಿಂದ ಅವರು ಕಲಿತ ಮೊದಲ ಪಾಠ ಅದು. ಹಾಳಾಯಿತು ಎಂದುಕೊಂಡರು, ಮತ್ತೊಮ್ಮೆ ಎಂದರು. ಬಾಯಿಗೆ ಮೊದಲು ಬಂದದ್ದು ಆ ಮಾತು. ಅವಳು ಏಕೆ ನೋಡಿದಳು ಎಂದು ಯೋಚಿಸಲಿಲ್ಲ.

‘ಇದು ಮೊದಲ ಸಲವಲ್ಲ’ ಎಂದರು.

ಆಗಲೇ ಅವರು ಒಂದು ರೈಲು ನಿಲ್ದಾಣದ ವಿಷಯ ಹೇಳಿದ್ದು. ಯುದ್ಧದ ಕಾಲ. ಪೂರ್ವದ ದೇಶಗಳಿಂದ ಹೆಂಗಸರನ್ನು ಕಾರ್ಖಾನೆಯ ಕೆಲಸಕ್ಕೆಂದು ರೈಲಿನಲ್ಲಿ ತರುತ್ತಿದ್ದರು. ಸಂತೋಷದಿಂದ ಬಂದಿಳಿದರು ಎಂದು ನ್ಯೂಸ್‌ರೀಲಿನಲ್ಲಿ ತೋರಿಸಬೇಕಿತ್ತು. ಗಂಟು ಹಿಡಿದು ಇಳಿದವರಲ್ಲಿ ಒಬ್ಬಳು ನೇರ ಲೆನ್ಸನ್ನು ನೋಡಿದಳು. ‘ಕ್ಯಾಮೆರಾ ನೋಡಬೇಡ’ ಎಂದು ಇವರು ಕೂಗಿದರು. ಅವರೆಲ್ಲರನ್ನೂ ಮತ್ತೆ ರೈಲು ಹತ್ತಿಸಿ ಇಳಿಸಲಾಯಿತು. ಎರಡನೆಯ ಸಲ ಆ ಹೆಂಗಸು ನೋಡಲಿಲ್ಲ. ಅದೇ ಚಿತ್ರಮಂದಿರಗಳಿಗೆ ಹೋಯಿತು… ಆ ಹೆಂಗಸರಿಗೆ ಆಮೇಲೆ ಏನಾಯಿತೋ, ಅವರು ಹೇಳಲಿಲ್ಲ. ಹೊಸ್ತಿಲಾಚೆ ನಿಂತಿದ್ದ ಮುದುಕರನ್ನು ಒಳಗೆ ಬನ್ನಿ ಎಂದು ಕರೆಯಬೇಕೆಂದು ನನಗಾಗಲಿ ಅಪ್ಪನಿಗಾಗಲಿ ತೋಚಲಿಲ್ಲ.

ಅವತ್ತೇ ಮಧ್ಯಾಹ್ನ ಅವರ ಮನೆಯಲ್ಲಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಖಾಲಿ ಗೋಡೆಯ ಮೇಲೆ ತೋರಿಸಿದರು. ತಂಗಿ, ಅಪ್ಪ, ನಾನು. ಶಬ್ದವಿಲ್ಲದ ಚಿತ್ರ, ಪ್ರೊಜೆಕ್ಟರಿನ ಕಟಕಟ ಮಾತ್ರ. ಗೋಡೆಯ ತುಂಬ ಬಿಳಿ ಬಟ್ಟೆ. ಅಂಚಿನಲ್ಲಿ ನನ್ನ ಬಳೆ. ಬಟ್ಟೆ ಜಾರಿತು. ತಂಗಿಯ ಮುಖ, ಎದುರಿಗೆ ಅವಳ ಗಂಡನ ಭುಜ. ಅವಳ ಕೈ ತಾನಾಗಿ ಎದ್ದು ಜೀರಿಗೆ-ಬೆಲ್ಲ ಹಾಕಿತು. ಕಣ್ಣು ಮಾತ್ರ ಇತ್ತ ತಿರುಗಿ ನಮ್ಮನ್ನು ನೋಡಿತು. ಅಳುವಿರಲಿಲ್ಲ, ನಗುವಿರಲಿಲ್ಲ. ಒಮ್ಮೆ ಉಸಿರೆಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ಗೋಡೆ ಬರಿದಾಯಿತು.

“ಇನ್ನೊಂದ್ಸಲ ಹಾಕಿ ಸಾಹೇಬ್ರೇ,” ಎಂದ ಅಪ್ಪ, ಕನ್ನಡದಲ್ಲೇ. ಅವರಿಗೆ ಅರ್ಥವಾಯಿತು. ಸುತ್ತಿ ಮತ್ತೆ ಹಾಕಿದರು. ಅಪ್ಪ ಮತ್ತೆ ಹಾಕಿಸಿದ. ನನಗೆ ಅದು ಕಾಪಾಡಿ ಎನ್ನುವ ನೋಟವೆಂದು ತೋರಿತು. ಅಪ್ಪನಿಗೂ ಹಾಗೇ ತೋರಿರಬೇಕು, ಕತ್ತಲಲ್ಲಿ ಅವನು ಮೂಗು ಸೀಟುವುದು ಕೇಳಿಸುತ್ತಿತ್ತು. ಕೆಳಮನೆಯವರು ಗೋಡೆ ನೋಡುತ್ತಿರಲಿಲ್ಲ. ಪ್ರೊಜೆಕ್ಟರಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದರು. ತಂಗಿ ಒಂದೂ ಮಾತಾಡಲಿಲ್ಲ.

ಮಾರನೆಯ ದಿನ ಶನಿವಾರ. ಅಪ್ಪ ಬೇಗ ಸ್ನಾನ ಮಾಡಿ, ಶರಟು ಹಾಕಿಕೊಂಡು, ಹಾಲಿನಲ್ಲಿ ಕೂತಿದ್ದ. ಕರೆದುಕೊಂಡು ಹೊರಟೇಬಿಡುತ್ತಾನೆ ಎಂದುಕೊಂಡೆ. ಅವನು ನನ್ನ ಗಂಡನನ್ನು ಕೇಳಿದ: “ಕಾರು ತೆಗೀತೀರಾ? ಇವಳ ಸೂಟ್‌ಕೇಸು, ಪುಸ್ತಕ ಎಲ್ಲಾ ಆ ಮನೇಲೇ ಇದೆಯಂತೆ. ಹೋಗಿ ತಂದುಬಿಡೋಣ. ಇವಳು ಬರೋದೇನೂ ಬೇಡ.”

ಅಷ್ಟೇ. ಭಾಷಣವಿಲ್ಲ. ಆ ಕ್ಯಾಸೆಟ್ಟನ್ನು ಅವನು ಮತ್ತೆಂದೂ ಹಾಕಲಿಲ್ಲ. ಮೈಸೂರಿಗೆ ಹೋದ ಮೇಲೆ ಜನರಿಗೆ ಏನು ಹೇಳಿದನೋ, ಎಷ್ಟು ಕೇಳಿಸಿಕೊಂಡನೋ, ನಮಗೆ ತಿಳಿಸಲಿಲ್ಲ.

ಕೆಳಮನೆಯವರು ಮಾತ್ರ ಬದಲಾದರು. ಹಿತ್ತಿಲ ಬೆಂಚಿಗೆ ಬರುವುದು ನಿಂತಿತು. ಎದುರಾದರೆ ಎಡಗಣ್ಣು ಮುಚ್ಚುವ ಅಭ್ಯಾಸವೂ ಹೋಯಿತು. ಎರಡೂ ಕಣ್ಣು ತಗ್ಗಿಸಿ ಬದಿಗೆ ಸರಿಯುತ್ತಿದ್ದರು. ಸಾರು ಒಯ್ದರೆ ಬಾಗಿಲಲ್ಲೇ ತೆಗೆದುಕೊಳ್ಳುತ್ತಿದ್ದರು. ಕ್ಯಾಮೆರಾವನ್ನು ಯಾವುದೋ ಶಾಲೆಗೆ ಕೊಟ್ಟುಬಿಟ್ಟರೆಂದು ಕೇಳಿದೆ. ಕೊನೆಗೆ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿಯಿತು. ಹೆಂಡತಿಯ ಕಡೆಯ ಯಾರೋ ಬಂದು ಲಾಸ್ ಗ್ಯಾಟೋಸ್ ಊರಿನ ಹತ್ತಿರ, ಬೆಟ್ಟದ ಬುಡದ ಒಂದು ವೃದ್ಧಾಶ್ರಮಕ್ಕೆ ಸೇರಿಸಿದರು.

ಒಂದು ಸಲ ನೋಡಲು ಹೋದೆ. ತಂಗಿ ಬರಲಿಲ್ಲ; ಪರೀಕ್ಷೆಯಿತ್ತು, ಅಥವಾ ಪರೀಕ್ಷೆಯಿದೆ ಎಂದಳು. ಅವರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಬೆಳಕನ್ನೇ ನೋಡಿ ಬದುಕಿದ ಮನುಷ್ಯ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದೊಡನೆ, ‘ನಿನ್ನ ತಂಗಿ?’ ಎಂದರು. ಚೆನ್ನಾಗಿದ್ದಾಳೆ, ಓದುತ್ತಿದ್ದಾಳೆ ಎಂದೆ. ‘ಅವಳು ನನ್ನ ಬಗ್ಗೆ ಏನಾದರೂ ಹೇಳುತ್ತಾಳೆಯೇ?’ ಎಂದರು. ಏನು ಹೇಳಲಿ? ಅವಳು ಏನೂ ಹೇಳುತ್ತಿರಲಿಲ್ಲ. ನಿಮಗೆ ತುಂಬ ಋಣಿ ಎನ್ನುತ್ತಾಳೆ ಎಂದೆ. ಅವರು ಕೈ ಅಲ್ಲಾಡಿಸಿದರು, ಸುಳ್ಳು ಎಂದು ಗೊತ್ತಾದವರಂತೆ. ‘ಇಬ್ಬರೂ ನನ್ನನ್ನೇ ಕೇಳಿದರು’ ಎಂದರು. ಯಾರು ಇಬ್ಬರು ಎಂದು ನಾನು ಕೇಳಬೇಕಾಗಿರಲಿಲ್ಲ: ರೈಲಿನ ಆ ಹೆಂಗಸು, ನನ್ನ ತಂಗಿ. ಅವರು ತೀರಿಕೊಂಡ ಸುದ್ದಿ ನಮಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಡಬ್ಬಿಗಳು ಎಲ್ಲಿ ಹೋದವೋ ತಿಳಿಯದು.

ಕೆಟಲ್ ತೊಳೆದ ಆ ಸಂಜೆ ತಂಗಿಗೆ ಫೋನು ಮಾಡಿದೆ. ಅವಳೀಗ ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟ ವಯಸ್ಸಿನವಳು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಫಿಲ್ಮು ನೋಡಿದ ಆ ಮಧ್ಯಾಹ್ನದ ಮಾತೆತ್ತಿರಲಿಲ್ಲ. ಕೆಳಮನೆಯವರು ನೆನಪಾದರು ಕಣೇ ಎಂದೆ. ಮದುವೆಯ ದಿನ ನೀನು ಅವರನ್ನು ಹಾಗೆ ನೋಡದೇ ಇದ್ದಿದ್ದರೆ ಅಪ್ಪ ನಿನ್ನನ್ನು ಆ ಮನೆಗೆ ಬಿಟ್ಟೇ ಬರುತ್ತಿದ್ದ ಎಂದೆ.

“ನಾನೇನೂ ಸಹಾಯ ಕೇಳ್ತಿರ್ಲಿಲ್ಲ ಅಕ್ಕ ಅವತ್ತು,” ಎಂದಳು. “ಆ ಹಾಲಲ್ಲಿ ಎಲ್ಲಾರೂ ಹಲ್ಲು ಬಿಟ್ಕೊಂಡು ನಿಂತಿದ್ರು. ನೀನು, ಅಪ್ಪ, ಎಲ್ಲಾ. ನಗದೇ ಇದ್ದೋರು ಅವರೊಬ್ರೇ. ಒಂದು ಕಣ್ಣು ಮುಚ್ಕೊಂಡು ಕೆಲ್ಸ ಮಾಡ್ತಿದ್ರು. ನೋಡಿ ಹಾಯೆನ್ನಿಸ್ತು. ಅದಕ್ಕೇ ನೋಡ್ದೆ. ಅಷ್ಟೇ.”

“ಹೆದರಿಕೆ?”

“ಮದುವೆ ದಿನ ಯಾರ್ಗೆ ಇರಲ್ಲ ಹೆದರಿಕೆ? ಬೇಡ ಅನ್ನಿಸಿದ್ದು ಆಮೇಲೆ, ಆ ವೈರಿಂದ.”

“ಮತ್ತೆ ಅವರಿಗೆ ಯಾಕೇ ಹೇಳ್ಲಿಲ್ಲ ನೀನು?”

“ಹೇಗೆ ಹೇಳ್ಲಿ? ಅವರು ಹಾಗಂದ್ಕೊಂಡ್ರು, ಅಪ್ಪ ಅತ್ರು. ನಾನು ಬಾಯಿ ಬಿಟ್ಟಿದ್ರೆ ಶನಿವಾರ ಅಲ್ಲಿರ್ತಿದ್ದೆ. ಆಮೇಲಾದ್ರೂ ಹೇಳ್ಬಹುದಿತ್ತು. ನೀನು ಅಲ್ಲಿಗೆ ಹೋದಾಗ್ಲೇ ಹೇಳಿ ಕಳಿಸ್ಬಹುದಿತ್ತು. ಅಪ್ಪನಿಗೆ ಎಲ್ಲಿ ಗೊತ್ತಾಗುತ್ತೋ ಅಂತ…” ಎಂದಳು.

ಇದು ನಿಜವೋ, ಇಷ್ಟು ವರ್ಷ ಕಳೆದ ಮೇಲೆ ಅವಳ ಮನಸ್ಸು ಕಟ್ಟಿಕೊಂಡದ್ದೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ. ಗೋಡೆಯ ಮೇಲೆ ನಾನು ನೋಡಿದ ಆ ಮುಖವನ್ನು ಈಗ ನೆನೆದರೆ ಅದು ಹಾಯಾಗಿದ್ದ ಮುಖವೆಂದೂ ಕಾಣುತ್ತದೆ, ಕಾಪಾಡಿ ಎಂದ ಮುಖವೆಂದೂ ಕಾಣುತ್ತದೆ. ಆದರೆ ಕೆಳಮನೆಯವರು ಕಿಟಕಿಗೆ ಬೆನ್ನು ಹಾಕಿ ಕೂತದ್ದು ಮಾತ್ರ ಎರಡು ಥರ ಇಲ್ಲ. ಆ ರೈಲಿನ ಹೆಂಗಸಿನ ವಿಷಯದಲ್ಲಿ ಯಾರೂ ಅವರಿಗೆ ಏನೂ ಹೇಳಲಾಗುತ್ತಿರಲಿಲ್ಲ. ತಂಗಿಯ ಈ ಮಾತೊಂದನ್ನು ಹೇಳಬಹುದಾಗಿತ್ತು.

ಅಪ್ಪ ಹೋಗಿಯೂ ಬಹಳ ಕಾಲವಾಯಿತು. ಕೇಳಿಸಿಕೊಳ್ಳಬೇಕಾಗಿದ್ದ ಇಬ್ಬರೂ ಇಲ್ಲ. ತಂಗಿ ನನಗೆ ಹೇಳಿ, ಅನ್ನಕ್ಕಿಡಬೇಕು ಎಂದು ಫೋನು ಇಟ್ಟಳು.